ಒಂದು ನಿಮಿಷದ ಮದುವೆ, ಆರು ತಾಸಿನ ಬೆಳಕು

ಸ್ಟಾಕ್‌ಹೋಮ್‌ನ ನಗರಸಭಾ ಭವನದಲ್ಲಿ ಸಿವಿಲ್ ಮದುವೆಗೆ ಓದಿಹೇಳುವ ವಿಧಿಯ ಎರಡು ಬಗೆಯ ಪಾಠಗಳಿವೆ. ದೊಡ್ಡ ಪಾಠಕ್ಕೆ ಮೂರು ನಾಲ್ಕು ನಿಮಿಷ ಬೇಕು, ಚಿಕ್ಕದಕ್ಕೆ ಒಂದು ನಿಮಿಷ ಸಾಕು. ನಮ್ಮಲ್ಲಿ ಗಟ್ಟಿಮೇಳ ಶುರುವಾಗಿ ಅಕ್ಷತೆ ಬೀಳುವಷ್ಟರಲ್ಲಿ ಅಲ್ಲಿ ಮದುವೆಯೇ ಮುಗಿದಿರುತ್ತದೆ. ಸ್ವೀಡನ್‌ನ ಕಾನೂನು ಬಯಸುವುದೂ ಅಷ್ಟನ್ನೇ: ವಧೂವರರಿಬ್ಬರೂ ಒಟ್ಟಿಗೆ ಹಾಜರಿರಬೇಕು, ಇಬ್ಬರೂ ಒಪ್ಪಿಗೆ ನುಡಿಯಬೇಕು, ಅಧಿಕಾರವುಳ್ಳವರು ಅವರನ್ನು ದಂಪತಿಗಳೆಂದು ಸಾರಬೇಕು, ಇಬ್ಬರು ಸಾಕ್ಷಿಗಳಿರಬೇಕು. ಮದುವೆಗೆ ಅಡ್ಡಿಯಿಲ್ಲವೆಂಬ ಪತ್ರವನ್ನು ತೆರಿಗೆ ಇಲಾಖೆಯಿಂದ ಮೊದಲೇ ಪಡೆದಿರಬೇಕು. ಅದು ನಾಲ್ಕು ತಿಂಗಳು ಮಾತ್ರ ಚಾಲ್ತಿಯಲ್ಲಿರುತ್ತದೆ.

ಇಷ್ಟು ಚಿಕ್ಕ ಸಮಾರಂಭಕ್ಕೆ ವೃತ್ತಿನಿರತ ಛಾಯಾಗ್ರಾಹಕರನ್ನು ಇಡೀ ದಿನಕ್ಕೆ ಗೊತ್ತುಮಾಡುವುದು ಹಲವರ ಕೈಗೆ ನಿಲುಕದ ಮಾತು. ಆಗ ಆ ಕೆಲಸ ಕ್ಯಾಮೆರಾ ಇಟ್ಟುಕೊಂಡಿರುವ ಗೆಳೆಯನ ಅಥವಾ ಗೆಳತಿಯ ಪಾಲಿಗೆ ಬರುತ್ತದೆ. ಒಪ್ಪಿಕೊಂಡವರು ಸಾಮಾನ್ಯವಾಗಿ ಮೊದಲು ಲೆಕ್ಕ ಹಾಕುವುದು ಲೆನ್ಸಿನ ಬೆಲೆಯನ್ನು. ಸ್ವೀಡನ್ನಿನಲ್ಲಿ ಮೊದಲು ನೋಡಬೇಕಾದದ್ದು ಕ್ಯಾಲೆಂಡರನ್ನು.

ಸ್ಟಾಕ್‌ಹೋಮ್ ಇರುವುದು 59 ಡಿಗ್ರಿಗೂ ಮೇಲಿನ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಮೂರನೇ ವಾರದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 8.45ರ ಆಸುಪಾಸಿಗೆ, ಮುಳುಗುವುದು ಮಧ್ಯಾಹ್ನ 2.48ರ ಸುಮಾರಿಗೆ. ನಡುಹಗಲಲ್ಲೂ ಅವನು ದಿಗಂತದಿಂದ 7 ಡಿಗ್ರಿಯಷ್ಟೇ ಮೇಲಿರುತ್ತಾನೆ. ಜೂನ್ ಕೊನೆಯಲ್ಲಾದರೋ ರಾತ್ರಿ ಹತ್ತು ಗಂಟೆಯಾದರೂ ಬೆಳಕಿರುತ್ತದೆ. ಆಗಲೂ ನಡುಹಗಲ ಸೂರ್ಯ 54 ಡಿಗ್ರಿ ದಾಟುವುದಿಲ್ಲ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಅವನು 80 ಡಿಗ್ರಿಯ ಹತ್ತಿರ, ಹೆಚ್ಚುಕಡಿಮೆ ನೆತ್ತಿಯ ಮೇಲೆ ನಿಂತು, ಮದುಮಗಳ ಕಣ್ಣುಗಳ ಕೆಳಗೆ ಕಪ್ಪು ನೆರಳು ಬೀಳಿಸುತ್ತಾನೆ. ನಮ್ಮೂರಿನ ಛಾಯಾಗ್ರಾಹಕರು ಸಂಜೆಯ ಅರ್ಧ ಗಂಟೆಗಾಗಿ ಕಾಯುವ ಓರೆ ಬೆಳಕು ಸ್ವೀಡನ್ನಿನ ಬೇಸಿಗೆಯಲ್ಲಿ ಸಂಜೆ ತಾಸುಗಟ್ಟಲೆ ಪುಕ್ಕಟೆಯಾಗಿ ಸಿಗುತ್ತದೆ. ಚಳಿಗಾಲದ ಮದುವೆಯಾದರೆ ಜೋಡಿಯ ಚಿತ್ರಗಳನ್ನು ಊಟಕ್ಕೆ ಮೊದಲೇ ಮುಗಿಸಬೇಕು. ಊಟ ಮುಗಿಸಿ ಹೊರಬಂದರೆ ಕಾಣುವುದು ಕತ್ತಲೆಯೇ.

ಜಾಗಕ್ಕೂ ದುಡ್ಡು ಬೇಕಿಲ್ಲ. ಕಾಡು, ಕೆರೆದಂಡೆ, ಬಂಡೆಗಳ ಮೇಲೆ ಯಾರು ಬೇಕಾದರೂ ಓಡಾಡಬಹುದೆಂಬ ‘ಅಲ್ಲೆಮಾನ್ಸ್‌ರೆಟ್ಟೆನ್’ ಎಂಬ ಹಳೆಯ ಹಕ್ಕು 1994ರಿಂದ ಸಂವಿಧಾನದಲ್ಲೇ ಇದೆ. ಮನೆಯಂಗಳಕ್ಕೆ, ಬೆಳೆದುನಿಂತ ಹೊಲಕ್ಕೆ ಕಾಲಿಡಬಾರದು, ಅಷ್ಟೇ. ನೊಬೆಲ್ ಔತಣ ನಡೆಯುವ, 1923ರಲ್ಲಿ ಉದ್ಘಾಟನೆಯಾದ ಸ್ಟಾಕ್‌ಹೋಮ್‌ನ ಆ ಭವನದಲ್ಲೇ ಮದುವೆಯಾದವರಿಗೆ ಬಾಗಿಲ ಹೊರಗೆ ಮೆಲಾರೆನ್ ಸರೋವರದ ದಂಡೆಯಿದೆ; ಬಾಡಿಗೆ ಸ್ಟುಡಿಯೊ ಬೇಡವೇ ಬೇಡ.

ಇನ್ನು ಉಪಕರಣ. ಎಂಟು ಹತ್ತು ವರ್ಷ ಹಳೆಯ ಕ್ಯಾಮೆರಾ ಕೂಡ ಮದುವೆ ಆಲ್ಬಮ್ಮಿಗೆ ಧಾರಾಳವಾಗಿ ಸಾಕು. ಬದಲಿಸಬೇಕಾದದ್ದು ಅದರೊಂದಿಗೆ ಬಂದ ಝೂಮ್ ಲೆನ್ಸನ್ನು. ಅಂಥ ಲೆನ್ಸ್ ದೂರದ ತುದಿಯಲ್ಲಿ ಎಫ್/5.6ರಷ್ಟೇ ತೆರೆದುಕೊಳ್ಳುತ್ತದೆ, 50 ಮಿಲಿಮೀಟರಿನ ಎಫ್/1.8 ಲೆನ್ಸ್ ಅದರ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಹಲವು ಕಂಪನಿಗಳ ಪಟ್ಟಿಯಲ್ಲಿ ಅಗ್ಗದ ಲೆನ್ಸುಗಳ ಸಾಲಿನಲ್ಲಿ ಇದಿರುತ್ತದೆ. ಸ್ವೀಡನ್ನಿನವರು ಹಳೆ ಸಾಮಾನು ಕೊಳ್ಳುವ ‘ಬ್ಲಾಕೆಟ್’ ಜಾಲತಾಣದಲ್ಲಿ ಇನ್ನೂ ಅಗ್ಗ. ಎರಡನೆಯ ಕ್ಯಾಮೆರಾವನ್ನು ಯಾರಿಂದಲಾದರೂ ಕೇಳಿ ತರುವುದು ಒಳ್ಳೆಯದು. ಒಂದು ನಿಮಿಷದ ಮದುವೆಯಲ್ಲಿ ಕ್ಯಾಮೆರಾ ಕೈಕೊಟ್ಟರೆ ರಿಪೇರಿಗೆ ಸಮಯವೆಲ್ಲಿ?

ಲೆಕ್ಕವಿಟ್ಟು ಕ್ಲಿಕ್ಕಿಸುವ ಪಾಠವೂ ಈ ನಾಡಿನಲ್ಲೇ ಇದೆ. ಗೋಥೆನ್‌ಬರ್ಗ್‌ನ ವಿಕ್ಟರ್ ಹ್ಯಾಸೆಲ್‌ಬ್ಲಾಡ್ 1948ರಲ್ಲಿ ತನ್ನ ಹೆಸರಿನ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದ. ಚಂದ್ರನ ಮೇಲೂ ಬಳಕೆಯಾದ ಈ ಕಂಪನಿಯ ಕ್ಯಾಮೆರಾಗಳು ಬಹುಕಾಲ ಮದುವೆ ಛಾಯಾಗ್ರಾಹಕರ ನೆಚ್ಚಿನವಾಗಿದ್ದವು. ಮಾಮೂಲಿ 120 ಫಿಲ್ಮ್ ರೋಲಿನಲ್ಲಿ ಅದಕ್ಕೆ ದಕ್ಕುತ್ತಿದ್ದದ್ದು 12 ಚಿತ್ರ. ಹೀಗಾಗಿ ಉಂಗುರ ತೊಡಿಸುವ ಹೊತ್ತಿಗೆ ರೋಲು ಮುಗಿಯದಂತೆ ಎಣಿಸುತ್ತಲೇ ಇರಬೇಕಿತ್ತು.

ಚಳಿ ಬೇರೆಯೇ ಕಾಟ ಕೊಡುತ್ತದೆ. ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಹೆಚ್ಚುವರಿ ಬ್ಯಾಟರಿಯನ್ನು ಮೈಗೆ ತಾಗುವ ಒಳಜೇಬಿನಲ್ಲಿಟ್ಟರೆ ಬೆಚ್ಚಗಿರುತ್ತದೆ. ಹೊರಗಿನಿಂದ ಬಿಸಿ ಕೋಣೆಗೆ ಬಂದ ತಣ್ಣನೆಯ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಬಾಗಿಲು ದಾಟುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿದು, ಅರ್ಧ ಗಂಟೆ ಹಾಗೇ ಬಿಟ್ಟರೆ ನೀರ ಹನಿ ಚೀಲದ ಹೊರಮೈಗೆ ಕೂರುತ್ತದೆ, ಗಾಜಿಗಲ್ಲ. ಹಿಮದ ನಡುವೆ ಕ್ಯಾಮೆರಾದ ಮೀಟರ್ ಮೋಸಹೋಗಿ ಬಿಳಿಯನ್ನು ಬೂದು ಮಾಡುತ್ತದೆ. ಎಕ್ಸ್‌ಪೋಶರನ್ನು ಒಂದು, ಒಂದೂವರೆ ಸ್ಟಾಪ್ ಏರಿಸಿದರೆ ಹಿಮ ಹಿಮದಂತೆ ಕಾಣುತ್ತದೆ.

ಚರ್ಚಿನ ಮದುವೆ ಇನ್ನಷ್ಟು ದೀರ್ಘ. ಫ್ಲ್ಯಾಶ್ ಹಾಕಬಹುದೇ, ಎಲ್ಲಿಯವರೆಗೆ ಓಡಾಡಬಹುದು ಎಂಬುದನ್ನು ಪಾದ್ರಿಯವರ ಬಳಿ ಮೊದಲೇ ಕೇಳಿಕೊಳ್ಳಬೇಕು. ಇಂಥ ಓಡಾಟವನ್ನು ಇಷ್ಟಪಡದ ಪಾದ್ರಿಗಳು ಬಹಳ. ಸ್ವೀಡನ್ನಿನ ವಾಡಿಕೆಯಂತೆ ವಧೂವರರು ಒಟ್ಟಿಗೇ ನಡೆದು ಬರುತ್ತಾರೆ. 2010ರ ಜೂನ್ 19ರಂದು ಯುವರಾಣಿ ವಿಕ್ಟೋರಿಯಾ ತಂದೆಯ ಕೈಹಿಡಿದು ಬರುವುದೆಂದಾದಾಗ ಅದು ದೇಶದಲ್ಲೇ ಚರ್ಚೆಯಾಗಿತ್ತು. ಕೊನೆಗೆ ರಾಜ ಅರ್ಧ ದಾರಿ ನಡೆದ ಮೇಲೆ ಜೋಡಿ ಮುಂದಿನ ಹೆಜ್ಜೆಗಳನ್ನು ಒಟ್ಟಿಗೆ ಇಟ್ಟಿತು. ಛಾಯಾಗ್ರಾಹಕರಿಗೆ ಈ ವಾಡಿಕೆ ವರವೇ: ಇಬ್ಬರ ಮುಖವೂ ಒಂದೇ ಚೌಕಟ್ಟಿನಲ್ಲಿ ಎದುರಿಗೆ ಬರುತ್ತದೆ. ನಡೆಯುವವರು ಕದಲಿ ಮಸುಕಾಗದಂತೆ 1/125 ಸೆಕೆಂಡಿಗಿಂತ ನಿಧಾನದ ಶಟರ್ ಬೇಡ. ಐಎಸ್‌ಒ 3200 ಆದರೂ ಚಿಂತೆಯಿಲ್ಲ. ಚಿತ್ರದಲ್ಲಿ ಕಾಳು ಕಂಡರೆ ಸಹಿಸಬಹುದು, ಮುಖವೇ ಕದಡಿದರೆ ಸರಿಪಡಿಸಲಾಗದು.

ಊಟದ ಮೇಜಿನ ಸಂಪ್ರದಾಯ ತಿಳಿಯದವರು ಅಲ್ಲಿ ಸೋಲುತ್ತಾರೆ. ಅತಿಥಿಗಳು ಚಮಚದಿಂದ ಲೋಟ ತಟ್ಟಿದರೆ ದಂಪತಿಗಳು ಕುರ್ಚಿಯ ಮೇಲೆ ಹತ್ತಿ ಮುತ್ತು ಕೊಡಬೇಕು. ನೆಲಕ್ಕೆ ಕಾಲು ಬಡಿದರೆ ಮೇಜಿನ ಕೆಳಗೆ ಇಳಿದು. ಕ್ಯಾಮೆರಾ ಮಡಿಲಲ್ಲೇ ಇರಬೇಕು. ಭಾಷಣಗಳ ಸರದಿಯನ್ನು ನಿಭಾಯಿಸುವ ‘ಟೋಸ್ಟ್‌ಮಾಸ್ಟರ್’ ಬಳಿ ಪಟ್ಟಿ ಇರುತ್ತದೆ, ಕೇಳಿ ಇಟ್ಟುಕೊಳ್ಳಬೇಕು. ಅಲ್ಲಿ ನೆಲೆಸಿದ ಕನ್ನಡ ಕುಟುಂಬ ಬಾಡಿಗೆ ಹಾಲ್‌ನಲ್ಲಿ ಧಾರೆ, ಮಾಂಗಲ್ಯಧಾರಣೆ ಇಟ್ಟುಕೊಂಡರೆ ಲೆಕ್ಕವೇ ಬೇರೆ: ತಾಳಿ ಕಟ್ಟುವ ಗಳಿಗೆಗೆ ನೆಂಟರೆಲ್ಲ ಎದ್ದು ಮುಂದೆ ಬರುತ್ತಾರೆ, ಆದ್ದರಿಂದ ಮಂಟಪದ ಪಕ್ಕದ ಜಾಗ ಮೊದಲೇ ಹಿಡಿದಿರಬೇಕು.

ಹಕ್ಕಿನ ಮಾತೊಂದು ಉಳಿದಿದೆ. ಸ್ವೀಡನ್ನಿನ 1960ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಮಾನ್ಯ ಫೋಟೊಗೂ 50 ವರ್ಷದ ರಕ್ಷಣೆಯಿದೆ, ಹಕ್ಕು ತೆಗೆದವರದು. ಗೆಳೆತನದಲ್ಲಿ ಪುಕ್ಕಟೆ ತೆಗೆದರೂ ಅಷ್ಟೇ. ಯಾರು ಎಲ್ಲಿ ಹಂಚಬಹುದು ಎಂಬುದನ್ನು ಮದುವೆಗೆ ಮೊದಲೇ ನಾಲ್ಕು ಸಾಲಲ್ಲಿ ಬರೆದುಕೊಂಡರೆ ಸ್ನೇಹಕ್ಕೂ ಕ್ಷೇಮ. ಮೆಮೊರಿ ಕಾರ್ಡನ್ನು ಮಾತ್ರ ಎರಡು ಬೇರೆ ಡಿಸ್ಕುಗಳಿಗೆ ನಕಲು ಮಾಡಿ, ತೆರೆದು ನೋಡಿ ಖಾತ್ರಿಯಾಗುವವರೆಗೆ ಅಳಿಸಬೇಡಿ.