ಸಾಗರಗರ್ಭದಲ್ಲಿ ನಿಧಿಶೋಧ ಮತ್ತು ಇತಿಹಾಸಶೋಧ

ಅಮರಸಿಂಹನು ತನ್ನ ನಿಘಂಟಿನಲ್ಲಿ ಕಡಲಿಗೆ ಕೊಟ್ಟಿರುವ ಪರ್ಯಾಯನಾಮಗಳಲ್ಲಿ 'ರತ್ನಾಕರ', 'ಜಲನಿಧಿ' ಎಂಬ ಎರಡು ಪದಗಳಿವೆ. ರತ್ನಾಕರವೆಂದರೆ ರತ್ನಗಳ ಗಣಿ; ಅದರ ಅರ್ಥ ಸುಗಮವಾಗಿದೆ. ಎರಡನೆಯ ಪದವು ಸ್ವಲ್ಪ ವಿಚಾರವನ್ನು ಅಪೇಕ್ಷಿಸುತ್ತದೆ. 'ನಿಧಿ' ಎಂಬುದು 'ನಿ' ಎಂಬ ಉಪಸರ್ಗದೊಡನೆ 'ಧಾ' ಧಾತುವಿನಿಂದ ನಿಷ್ಪನ್ನವಾದ ಶಬ್ದ. ಒಂದೆಡೆಯಲ್ಲಿ ಇಡಲ್ಪಟ್ಟುದು, ನಿಕ್ಷೇಪಿಸಲ್ಪಟ್ಟುದು ಎಂಬುದು ಅದರ ಮೂಲಾರ್ಥ. ಲೋಕವ್ಯವಹಾರದಲ್ಲಿ ನಿಧಿಯೆಂದೊಡನೆ ಚಿನ್ನದ ಕೊಪ್ಪರಿಗೆ ಕಣ್ಣಮುಂದೆ ಬರುವುದಾದರೂ, ಶಬ್ದದೊಳಗೆ ಚಿನ್ನವಿಲ್ಲ. ಇರುವುದು 'ಇಟ್ಟ ಎಡೆ' ಎಂಬ ಭಾವ ಮಾತ್ರ. ಮಾನವನು ಕಡಲ ತಳಕ್ಕೆ ಇಳಿದ ಸಾಹಸದ ಕಥೆಯನ್ನು ಅವಲೋಕಿಸಿದರೆ, ಈ ಶಬ್ದಾರ್ಥವು ಎಷ್ಟು ಸಾರ್ಥಕವೆಂಬುದು ಮನಗಾಣುತ್ತದೆ. ಅದನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸಮುದ್ರಮಥನದ ಕಥೆಯಲ್ಲಿ ರತ್ನಗಳಿಗಿಂತ ಮೊದಲು ಹಾಲಾಹಲವು ಉದ್ಭವಿಸಿತು. ಕಡಲಿಗೆ ಕೈಯಿಕ್ಕಿದವರೆಲ್ಲರ ಅನುಭವವೂ ಇದೇ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಮುತ್ತಿನ ಆಕರಗಳನ್ನು ಹೇಳುವಾಗ ತಾಮ್ರಪರ್ಣಿಯನ್ನೂ ಪಾಂಡ್ಯದೇಶವನ್ನೂ ಹೆಸರಿಸುತ್ತಾನೆ. ಆ ಮುತ್ತುಗಳನ್ನು ತರಲು ಇಳಿಯುತ್ತಿದ್ದವರಾರು? ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬನು ಬರೆದ 'ಪೆರಿಪ್ಲಸ್' ಎಂಬ ಗ್ರಂಥವು, ಪಾಂಡ್ಯರ ಕೊಲ್ಕೈ ಕರಾವಳಿಯಲ್ಲಿ ಶಿಕ್ಷೆಗೊಳಗಾದ ಅಪರಾಧಿಗಳಿಂದ ಈ ಕೆಲಸ ಮಾಡಿಸುತ್ತಿದ್ದರೆಂದು ತಿಳಿಸುತ್ತದೆ. ಅರಸಿಯರ ಕೊರಳಿನ ಹಾರದ ಹಿಂದೆ, ಒಂದೇ ಉಸಿರಿನ ಬಲದಿಂದ ಕಡಲಿಗಿಳಿದವನ ಪ್ರಾಣಸಂಕಟವಿತ್ತು.

ಒಂದು ಉಸಿರಿಗಿಂತ ಹೆಚ್ಚು ಕಾಲ ನೀರಿನೊಳಗಿರುವುದು ಹೇಗೆಂಬ ಪ್ರಶ್ನೆಯೂ ಪ್ರಾಚೀನವಾದುದೇ. ಬೋರಲಾಗಿ ಇಳಿಬಿಟ್ಟ ಕಡಾಯಿಯೊಳಗೆ ಗಾಳಿ ಉಳಿಯುತ್ತದೆ, ಮುಳುಗುವವರು ಅದನ್ನು ಉಸಿರಾಡಬಹುದು ಎಂಬ ಸಂಗತಿ ಅರಿಸ್ಟಾಟಲನ ಹೆಸರಿನಲ್ಲಿರುವ ಗ್ರಂಥದಲ್ಲಿದೆ. ಇದೇ ತತ್ತ್ವದ ಮೇಲೆ ಮುಂದೆ ಗಂಟೆಯಾಕಾರದ ದೊಡ್ಡ ಪೆಟ್ಟಿಗೆಗಳು ನಿರ್ಮಾಣವಾದವು. ಧೂಮಕೇತುವಿನಿಂದ ಪ್ರಸಿದ್ಧನಾದ ಎಡ್ಮಂಡ್ ಹ್ಯಾಲಿಯು 1691ರ ಸುಮಾರಿಗೆ, ಸೀಸದ ಭಾರ ಕಟ್ಟಿದ ಪೀಪಾಯಿಗಳಲ್ಲಿ ಮೇಲಿನಿಂದ ಹೊಸ ಗಾಳಿಯನ್ನು ಇಳಿಸಿ, ಗಂಟೆಯೊಳಗೆ ಕುಳಿತವರು ಒಂದು ತಾಸಿಗೂ ಮಿಕ್ಕು ಕೆಳಗಿರಬಹುದೆಂದು ತೋರಿಸಿದನು. ಆಕಾಶದ ಧೂಮಕೇತುವನ್ನು ಗಣಿಸಿದ ಬುದ್ಧಿಯೇ ನೀರಿನಾಳಕ್ಕೂ ದಾರಿ ಹುಡುಕಿತೆಂಬುದು ಗಮನಾರ್ಹ.

ಆದರೆ ಇಂಥ ಜಾಣ್ಮೆಗೆಲ್ಲ ಪ್ರೇರಕವಾಗಿದ್ದುದು ಜ್ಞಾನಾಸಕ್ತಿಗಿಂತ ಹೆಚ್ಚಾಗಿ ಧನಾಸಕ್ತಿ. 1641ರಲ್ಲಿ ಕೆರಿಬಿಯನ್ ಪ್ರದೇಶದಲ್ಲಿ ಮುಳುಗಿದ 'ಕನ್ಸೆಪ್ಸಿಯೋನ್' ಎಂಬ ಸ್ಪೇನಿನ ಹಡಗಿನಿಂದ, ವಿಲಿಯಂ ಫಿಪ್ಸ್ ಎಂಬಾತನು 1687ರಲ್ಲಿ ಟನ್ನುಗಟ್ಟಲೆ ಬೆಳ್ಳಿಯನ್ನು ಎತ್ತಿಸಿದನು. ಇಂಗ್ಲೆಂಡಿನ ದೊರೆಯಿಂದ 'ಸರ್' ಪದವಿಯನ್ನೂ ಪಡೆದನು. ಉಸಿರು ಕಟ್ಟಿ ಮುಳುಗಿದವರನ್ನು ನೆನೆಯುವವರು ಇಂದು ವಿರಳ. 1715ರಲ್ಲಿ ಜಾನ್ ಲೆತ್‌ಬ್ರಿಜ್ ಎಂಬ ಇನ್ನೊಬ್ಬ ಆಂಗ್ಲನು ಓಕ್ ಮರದ ಪೀಪಾಯಿಗೆ ಗಾಜಿನ ಕಿಂಡಿಯನ್ನೂ ತೋಳುಗಳಿಗೆ ರಂಧ್ರಗಳನ್ನೂ ಮಾಡಿ, ಅದರೊಳಗೆ ಮಲಗಿ ಇಳಿದು, ಮುಳುಗಿದ ಹಡಗುಗಳ ಬೆಳ್ಳಿಯನ್ನು ತೆಗೆಯುವುದನ್ನೇ ವೃತ್ತಿಯಾಗಿಸಿಕೊಂಡನು. 1837ರಲ್ಲಿ ಆಗಸ್ಟಸ್ ಸೀಬೆಯು ಲೋಹದ ಶಿರಸ್ತ್ರಾಣವನ್ನು ನೀರು ನುಗ್ಗದ ಉಡುಪಿಗೆ ಜೋಡಿಸಿ, ಕೊಳವೆಯ ಮೂಲಕ ಮೇಲಿನಿಂದ ಗಾಳಿಯೊತ್ತುವ ವ್ಯವಸ್ಥೆಯನ್ನು ಪರಿಷ್ಕರಿಸಿದ ಮೇಲೆ, ಮನುಷ್ಯನು ಕಡಲ ನೆಲದ ಮೇಲೆ ನಡೆದಾಡತೊಡಗಿದನು.

ಅಂಥ ಉಡುಪು ತೊಟ್ಟ ಗ್ರೀಸಿನ ಸ್ಪಂಜುಗಾರರ ದೋಣಿಯೊಂದು 1900ರಲ್ಲಿ ಬಿರುಗಾಳಿಯ ಕಾರಣದಿಂದ ಆಂಟಿಕಿಥೆರಾ ಎಂಬ ದ್ವೀಪದ ಬಳಿ ತಂಗಿತು. ಮೊದಲು ಇಳಿದ ಎಲಿಯಾಸ್ ಸ್ಟಾಡಿಯಾಟಿಸನು ಭಯಗ್ರಸ್ತನಾಗಿ ಮೇಲೆ ಬಂದು, ತಳದಲ್ಲಿ ಹೆಣಗಳ ರಾಶಿ ಬಿದ್ದಿದೆಯೆಂದು ಹೇಳಿದನಂತೆ. ಅವು ಹೆಣಗಳಲ್ಲ, ಎರಡು ಸಾವಿರ ವರ್ಷಗಳ ಹಿಂದೆ ಮುಳುಗಿದ ಹಡಗಿನ ಕಂಚಿನ, ಅಮೃತಶಿಲೆಯ ವಿಗ್ರಹಗಳು. ಗ್ರೀಕ್ ಸರಕಾರದ ಆಶ್ರಯದಲ್ಲಿ ಅವುಗಳನ್ನು ಎತ್ತುವ ಕಾರ್ಯವು 1901ರವರೆಗೆ ನಡೆಯಿತು. ಸುಮಾರು ಐವತ್ತು ಮೀಟರು ಆಳದ ಆ ಕೆಲಸದಲ್ಲಿ ಮುಳುಗುಗಾರನೊಬ್ಬನು ಮೃತನಾದನು. ಇಬ್ಬರು ಪಾರ್ಶ್ವವಾಯುಪೀಡಿತರಂತೆ ಅಂಗಸ್ವಾಧೀನ ಕಳೆದುಕೊಂಡರು. ಅವರನ್ನು ಕೆಡವಿದುದು ಬಂಡೆಯಲ್ಲ, ಜಲಚರವಲ್ಲ. ಅವರು ಉಸಿರಾಡಿದ ಗಾಳಿಯೇ.

ಇದರ ಕಾರಣವನ್ನು ವಿವರಿಸುವುದು ಅವಶ್ಯ. ಕಡಲಿನಲ್ಲಿ ಪ್ರತಿ ಹತ್ತು ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಐವತ್ತು ಮೀಟರಿನಲ್ಲಿ ಅದು ನೆಲದ ಮೇಲಿನದರ ಆರರಷ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತಮಾಂಸಗಳಲ್ಲಿ ಕರಗಿ ಸೇರುತ್ತದೆ. ಮನುಷ್ಯನು ಥಟ್ಟನೆ ಮೇಲಕ್ಕೆ ಬಂದರೆ, ಮುಚ್ಚಳ ತೆಗೆದ ಸೋಡಾ ಸೀಸೆಯಲ್ಲಿ ಗುಳ್ಳೆಯೇಳುವಂತೆ, ಅದು ದೇಹದೊಳಗೇ ಗುಳ್ಳೆಗಳಾಗಿ ನರಗಳನ್ನೂ ರಕ್ತನಾಳಗಳನ್ನೂ ಬಾಧಿಸುತ್ತದೆ. ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿ ಈ ಕಾರಣವನ್ನು ಗ್ರಂಥರೂಪದಲ್ಲಿ ಪ್ರತಿಪಾದಿಸಿದನು, ಜೆ. ಎಸ್. ಹಾಲ್ಡೇನ್ 1908ರಲ್ಲಿ ಹಂತಹಂತವಾಗಿ ತಂಗಿ ತಂಗಿ ಮೇಲೇರುವ ಕಾಲಪಟ್ಟಿಗಳನ್ನು ಪ್ರಕಟಿಸಿದನು. ಮುಂದೆ ಭಾರತದ ಪೌರತ್ವವನ್ನು ಸ್ವೀಕರಿಸಿ 1964ರಲ್ಲಿ ಭುವನೇಶ್ವರದಲ್ಲಿ ದಿವಂಗತರಾದ ವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರು ಈತನ ಪುತ್ರರೇ. ಇಳಿಯುವ ವಿದ್ಯೆಗಿಂತ ಏರುವ ವಿದ್ಯೆಯೇ ಕಠಿನವೆಂಬುದನ್ನು ಲೋಕವು ಹೀಗೆ ಪ್ರಾಣ ತೆತ್ತು ಕಲಿಯಿತು.

ಆಂಟಿಕಿಥೆರಾದ ವಿಗ್ರಹಗಳು ಆಥೆನ್ಸಿನ ಸಂಗ್ರಹಾಲಯವನ್ನು ಸೇರಿದವು. ಎಲ್ಲರ ಕಣ್ಣೂ ಅವುಗಳ ಮೇಲೆ. ಅವುಗಳ ನಡುವೆ ಬಂದ, ತುಕ್ಕು ಹಿಡಿದ ಕಂಚಿನ ಹೆಂಟೆಯೊಂದನ್ನು ಯಾರೂ ಲೆಕ್ಕಿಸಲಿಲ್ಲ. 1902ರಲ್ಲಿ ಅದರಲ್ಲಿ ಹಲ್ಲುಗಾಲಿಗಳು ಕಂಡವು. 1974ರಲ್ಲಿ ಡೆರೆಕ್ ಪ್ರೈಸ್ ಎಂಬ ವಿದ್ವಾಂಸನು, 2005ರ ಅನಂತರ ನವೀನ ಕ್ಷಕಿರಣ ಪರೀಕ್ಷೆ ನಡೆಸಿದವರು, ಅದರ ಮರ್ಮವನ್ನು ಬಿಡಿಸಿದರು. ಉಳಿದಿರುವ ಮೂವತ್ತು ಹಲ್ಲುಗಾಲಿಗಳ ಆ ಯಂತ್ರವು ಸೂರ್ಯಚಂದ್ರರ ಗತಿಯನ್ನೂ ಗ್ರಹಣಗಳ ಕಾಲವನ್ನೂ ತೋರಿಸುತ್ತಿತ್ತು. ಕಂಚಿನಲ್ಲಿ ಎರಕವಾದ ಪಂಚಾಂಗವೆನ್ನಬಹುದು. ತೂಗಿ ಮಾರಿದರೆ ಅದಕ್ಕೆ ಬೆಲೆಯಿಲ್ಲ. ತಿಳಿದು ನೋಡಿದರೆ ಅಂದು ಬಂದ ವಿಗ್ರಹಗಳೆಲ್ಲಕ್ಕಿಂತ ಅದೇ ಅಮೂಲ್ಯ.

1943ರಲ್ಲಿ ಕೂಸ್ತೋ ಮತ್ತು ಗಾಞಾನ್ ಎಂಬ ಫ್ರೆಂಚರು, ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ ಬೇಕಾದಷ್ಟೇ ಗಾಳಿ ಕೊಡುವ ಸಾಧನವನ್ನು ನಿರ್ಮಿಸಿದರು. ಕೊಳವೆಯ ಬಂಧನ ಕಳಚಿ, ಮನುಷ್ಯನು ಮೀನಿನಂತೆ ಸಂಚರಿಸುವುದು ಸಾಧ್ಯವಾಯಿತು. ಆದರೆ ಸಾಧನ ದೊರೆತ ಮಾತ್ರಕ್ಕೆ ಶಾಸ್ತ್ರ ಸಿದ್ಧಿಸದು. 1952ರಿಂದ ಮಾರ್ಸೇಲ್ಸ್ ಬಳಿಯ ಗ್ರಾಂ ಕಾಂಗ್ಲುವೆಯಲ್ಲಿ ನಡೆದ ಉತ್ಖನನದ ಪುರಾತತ್ತ್ವಜ್ಞನು ಸ್ವತಃ ನೀರಿಗಿಳಿಯದೆ, ಮುಳುಗುಗಾರರು ತಂದ ಜಾಡಿಗಳನ್ನು ಮೇಲೆ ಕುಳಿತು ಪರಿಶೀಲಿಸಿದನು. ಅಲ್ಲಿದ್ದುದು ಒಂದು ಹಡಗಲ್ಲ, ಶತಮಾನದಷ್ಟು ಅಂತರದಲ್ಲಿ ಒಂದರ ಮೇಲೊಂದು ಮುಳುಗಿದ ಎರಡು ಹಡಗುಗಳೆಂಬುದು ದಶಕಗಳ ತರುವಾಯ ನಿಶ್ಚಯವಾಯಿತು. ಯಾವ ಜಾಡಿ ಯಾವುದರ ಕೆಳಗಿತ್ತೆಂಬ ಲೆಕ್ಕ ಸಮರ್ಪಕವಾಗಿ ಉಳಿಯದಿದ್ದುದೇ ಈ ಗೊಂದಲಕ್ಕೆ ಮೂಲ.

ಹಸ್ತಪ್ರತಿಗಳೊಡನೆ ಬಳಕೆಯುಳ್ಳವರಿಗೆ ಇದು ಸುಲಭವಾಗಿ ಅರ್ಥವಾದೀತು. ಎರಡು ಕಾವ್ಯಗಳ ಓಲೆಗರಿಯ ಕಟ್ಟುಗಳು ದಾರ ಹರಿದು ಕಲೆತುಹೋದವೆನ್ನೋಣ. ಗರಿಗಳ ಅಂಕಿಯೂ ಅಳಿಸಿದ್ದರೆ ಪ್ರತಿಯೊಂದು ಪದ್ಯವೂ ಸ್ಪಷ್ಟವಾಗಿದ್ದರೂ ಕಾವ್ಯ ದೊರೆಯದು. ಗ್ರಂಥಸಂಪಾದಕನಿಗೆ ಗರಿ ಎಷ್ಟು ಮುಖ್ಯವೋ ಗರಿಯ ಸ್ಥಾನವೂ ಅಷ್ಟೇ ಮುಖ್ಯ. ಮುಳುಗಿದ ಹಡಗೂ ಅಂಥದೇ ಒಂದು ಕಟ್ಟು. ಒಂದೇ ದಿನ, ಒಂದೇ ಕ್ಷಣದಲ್ಲಿ ಮುಳುಗಿದ ಕಾರಣ, ಆ ದಿನದ ಲೋಕವೆಲ್ಲ ಅದರಲ್ಲಿ ಕ್ರಮವಾಗಿ ಬರೆದಿಟ್ಟಂತಿರುತ್ತದೆ.

ಈ ದಾರವನ್ನು ಹರಿಯುವುದೆಂದರೇನೆಂಬುದಕ್ಕೆ 'ಗೆಲ್ಡರ್‌ಮಾಲ್ಸೆನ್' ನಿದರ್ಶನ. ಚೀನದ ಕ್ಯಾಂಟನ್ನಿನಿಂದ ಚಹಾ, ಪಿಂಗಾಣಿ, ಚಿನ್ನಗಳನ್ನು ಹೊತ್ತು ಹೊರಟ ಈ ಡಚ್ ಹಡಗು 1752ರ ಜನವರಿಯಲ್ಲಿ ದಕ್ಷಿಣ ಚೀನ ಸಮುದ್ರದ ಬಂಡೆಗೆ ತಾಗಿ ಮುಳುಗಿತು. 1985ರಲ್ಲಿ ಮೈಕೇಲ್ ಹ್ಯಾಚರ್ ಎಂಬಾತನು ಅದನ್ನು ಕಂಡುಹಿಡಿದು, ಲಕ್ಷಕ್ಕೂ ಮಿಕ್ಕ ಪಿಂಗಾಣಿ ಪಾತ್ರೆಗಳನ್ನೂ ನೂರಕ್ಕೂ ಮಿಕ್ಕ ಚಿನ್ನದ ಗಟ್ಟಿಗಳನ್ನೂ ಎತ್ತಿದನು. 1986ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅವು ಹರಾಜಾಗಿ ಲೋಕದ ನಾನಾ ಮನೆಗಳಿಗೆ ಚದುರಿದವು. ಪಿಂಗಾಣಿಯನ್ನು ಎರಡು ಶತಮಾನ ಕಾಪಾಡಿದ ಚಹಾದ ರಾಶಿಗಾಗಲಿ, ಹಡಗಿನ ಮರಮುಟ್ಟಿಗಾಗಲಿ, ಅಲ್ಲಿ ಬದುಕಿ ಸತ್ತವರ ಸಾಮಾನುಗಳಿಗಾಗಲಿ ಪುರಾತತ್ತ್ವದ ದಾಖಲೆ ನಡೆಯಲಿಲ್ಲ. ಬಟ್ಟಲುಗಳು ಬಂದವು, ಹಡಗು ಹೋಯಿತು.

ಈ ಆಸೆಯು ಕೆಲವೊಮ್ಮೆ ಆಸೆಪಟ್ಟವರನ್ನೇ ನುಂಗುತ್ತದೆ. 1622ರಲ್ಲಿ ಫ್ಲೋರಿಡಾ ಬಳಿ ಮುಳುಗಿದ 'ಅತೋಚಾ' ಎಂಬ ಸ್ಪೇನಿನ ಹಡಗನ್ನು ಹುಡುಕಿದ ಮೆಲ್ ಫಿಷರ್, 1975ರಲ್ಲಿ ತನ್ನ ಮಗನನ್ನೂ ಸೊಸೆಯನ್ನೂ ದೋಣಿಯ ದುರಂತದಲ್ಲಿ ಕಳೆದುಕೊಂಡನು. ಬೆಳ್ಳಿಯ ರಾಶಿ ದೊರೆತುದು ಹತ್ತು ವರ್ಷಗಳ ಮೇಲೆ, 1985ರಲ್ಲಿ.

ಇನ್ನೊಂದು ದಾರಿಯನ್ನು ತೋರಿಸಿದವರು ಅಮೆರಿಕದ ಜಾರ್ಜ್ ಬಾಸ್. ಅವರು 1960ರಲ್ಲಿ ತುರ್ಕಿಯ ಗೆಲಿಡೋನ್ಯಾ ಭೂಶಿರದ ಬಳಿ ತಾವೇ ನೀರಿಗಿಳಿದು, ನೆಲದ ಮೇಲಿನ ಉತ್ಖನನದ ನಿಯಮಗಳನ್ನೆಲ್ಲ ಕಡಲ ತಳದಲ್ಲಿ ಪಾಲಿಸಿದರು. 1973ರಲ್ಲಿ ಅವರು ಸ್ಥಾಪಿಸಿದ ನೌಕಾಪುರಾತತ್ತ್ವ ಸಂಸ್ಥೆಯ ಅತಿ ಮಹತ್ತ್ವದ ಕಾರ್ಯ ಉಲುಬುರುನ್ ಹಡಗಿನದು. 1982ರಲ್ಲಿ ಸ್ಪಂಜುಗಾರನೊಬ್ಬನು, ತಳದಲ್ಲಿ 'ಕಿವಿಗಳುಳ್ಳ ಲೋಹದ ತಟ್ಟೆ'ಗಳಿವೆಯೆಂದು ತಿಳಿಸಿದನು. ಅವು ಕ್ರಿಸ್ತಪೂರ್ವ ಸುಮಾರು 1300ರ ತಾಮ್ರದ ಗಟ್ಟಿಗಳು. 1984ರಿಂದ 1994ರವರೆಗೆ, ಬಾಸ್ ಮತ್ತು ಜೆಮಾಲ್ ಪುಲಾಕರ ನೇತೃತ್ವದಲ್ಲಿ, ಒಮ್ಮೆಗೆ ಇಪ್ಪತ್ತು ನಿಮಿಷದಂತೆ, 22,413 ಸಲ ಇಳಿದು ಅದನ್ನು ಬಿಡಿಸಿದರು. ಪ್ರತಿಯೊಂದು ವಸ್ತುವನ್ನೂ ಅಲುಗಿಸುವ ಮೊದಲು ಅಳೆದು, ಗುರುತು ಹಾಕಿ, ಚಿತ್ರ ಬರೆದುಕೊಂಡರು.

ದೊರೆತುದೇನು? ಹತ್ತು ಟನ್ ತಾಮ್ರ, ಒಂದು ಟನ್ ತವರ. ಕಂಚಿಗೆ ಬೇಕಾದ ಪ್ರಮಾಣವೇ ಅದು. ನೀಲಿ ಗಾಜಿನ ಗಟ್ಟಿಗಳು, ಜಾಡಿಗಳಲ್ಲಿ ಸುಗಂಧರಾಳ, ಆನೆಯ ಮತ್ತು ನೀರಾನೆಯ ದಂತ, ಆಫ್ರಿಕದ ಕರಿಮರ, ಬಾಲ್ಟಿಕ್ ತೀರದ ಅಂಬರುಮಣಿ, ಈಜಿಪ್ಟಿನ ರಾಣಿ ನೆಫರ್‌ಟೀಟಿಯ ಹೆಸರಿನ ಚಿನ್ನದ ಮುದ್ರಿಕೆ. ಅನೇಕ ನಾಡುಗಳ ಸರಕು ಒಂದೇ ಒಡಲಲ್ಲಿತ್ತು. ಇವೆಲ್ಲಕ್ಕಿಂತ ನನ್ನಂಥ ಅಕ್ಷರಜೀವಿಯ ಮನಸ್ಸನ್ನು ಸೆಳೆಯುವುದು ದೊಡ್ಡ ಹರವಿಯೊಂದರಲ್ಲಿ ಸಿಕ್ಕ ಚಿಕ್ಕ ಮರದ ವಸ್ತು: ದಂತದ ಕೀಲಿನಿಂದ ಜೋಡಿಸಿದ, ಮಡಚಬಹುದಾದ ಎರಡು ಹಲಗೆಗಳು. ಹಲಗೆಯ ತಗ್ಗಿನಲ್ಲಿ ಮೇಣ ತುಂಬಿ, ಅದರ ಮೇಲೆ ಕಡ್ಡಿಯಿಂದ ಬರೆಯುತ್ತಿದ್ದರು, ಬೇಡವಾದಾಗ ಅಳಿಸುತ್ತಿದ್ದರು. ನಮ್ಮ ವರ್ತಕರೂ ಮಠಗಳೂ ಬಳಪದಿಂದ ಬರೆದು ಅಳಿಸುತ್ತಿದ್ದ ಕಡತದ ದೂರದ ಅಣ್ಣನೆಂದರೆ ಸಲ್ಲುತ್ತದೆ. ಮೇಣ ಕರಗಿಹೋಗಿದೆ, ಒಂದಕ್ಷರವೂ ಉಳಿದಿಲ್ಲ. ಆದರೂ ಹೋಮರನ ಇಲಿಯಡ್ ಕಾವ್ಯದಲ್ಲಿ ಬರುವ 'ಮಡಚಿದ ಹಲಗೆ'ಯ ಪತ್ರದ ಮಾತನ್ನು, ಕವಿಯ ಕಾಲದಿಂದ ಹಿಂದಕ್ಕೆ ಆರೋಪಿತವಾದುದೆಂದು ಸಂಶಯಿಸಿದವರಿಗೆ ಈ ಮೂಕ ಹಲಗೆಯೇ ಉತ್ತರವಾಯಿತು. ಚಿನ್ನಕ್ಕಾಗಿ ಇಳಿದವನ ಕೈಗೆ ಇದು ಸಿಕ್ಕಿದ್ದರೆ, ಹುಳು ತಿಂದ ಮರದ ಚೂರೆಂದು ಅಲ್ಲಿಯೇ ಬಿಸುಡುತ್ತಿದ್ದನು.

ಭಾರತದಲ್ಲಿ ಈ ಶಾಸ್ತ್ರಕ್ಕೆ ಅಡಿಗಲ್ಲಿಟ್ಟವರು ಕನ್ನಡಿಗರೆಂಬುದು ನಮಗೆ ಅಭಿಮಾನದ ಸಂಗತಿ. ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ 1922ರಲ್ಲಿ ಜನಿಸಿ 2013ರಲ್ಲಿ ದಿವಂಗತರಾದ ಡಾ. ಎಸ್. ಆರ್. ರಾಯರು, ಲೋಥಲ್ ಉತ್ಖನನದಿಂದ ಖ್ಯಾತರಾಗಿ, 1980ರ ದಶಕದಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ದ್ವಾರಕೆಯ ಮತ್ತು ಬೇಟ್ ದ್ವಾರಕೆಯ ಕಡಲನ್ನು ಶೋಧಿಸಿದರು. ಕಲ್ಲಿನ ಕಟ್ಟಡದ ಅವಶೇಷಗಳು, ರಂಧ್ರಗಳುಳ್ಳ ಕಲ್ಲಿನ ಲಂಗರುಗಳು, ಮೂರು ತಲೆಯ ಪ್ರಾಣಿಯ ಮುದ್ರೆ ಮುಂತಾದುವು ದೊರೆತವು. ಇದೇ ಮಹಾಭಾರತದ ದ್ವಾರಕೆಯೆಂಬುದು ಅವರ ಅಭಿಪ್ರಾಯ. ಲಂಗರುಗಳೂ ಕಲ್ಲುಗಳೂ ಬಹುಮಟ್ಟಿಗೆ ಐತಿಹಾಸಿಕ ಕಾಲದ ಬಂದರಿಗೆ ಸೇರಿದವೆಂಬುದು ಅನಂತರದ ಕೆಲವು ಸಂಶೋಧಕರ ಅಭಿಪ್ರಾಯ. ಈ ವಾದವು ತೀರ್ಮಾನವಾಗಬೇಕಾದುದು ಭಕ್ತಿಯಿಂದಲೂ ಅಲ್ಲ, ತಿರಸ್ಕಾರದಿಂದಲೂ ಅಲ್ಲ. ಯಾವ ಕಲ್ಲು ಯಾವ ಪದರದಲ್ಲಿ ಯಾವುದರೊಡನೆ ಇತ್ತೆಂಬ ಲೆಕ್ಕದಿಂದ. 2001ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯೂ ಇದಕ್ಕಾಗಿ ಪ್ರತ್ಯೇಕ ವಿಭಾಗವನ್ನು ತೆರೆಯಿತು.

ಅದೇ 2001ರಲ್ಲಿ ಯುನೆಸ್ಕೋ ಸಂಸ್ಥೆಯು ಜಲಾಂತರ್ಗತ ಸಂಸ್ಕೃತಿಯ ರಕ್ಷಣೆಗೆ ಒಂದು ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ರೂಪಿಸಿತು. 2009ರಲ್ಲಿ ಅದು ಜಾರಿಗೆ ಬಂದಿತು. ನೂರು ವರ್ಷಗಳಿಂದ ನೀರಿನಲ್ಲಿರುವ ಅವಶೇಷಗಳನ್ನು ಇದ್ದೆಡೆಯಲ್ಲಿಯೇ ಕಾಪಾಡುವುದು ಮೊದಲ ಆಯ್ಕೆಯಾಗಬೇಕು, ಅವು ವ್ಯಾಪಾರದ ಸರಕಾಗಕೂಡದು ಎಂಬುದು ಅದರ ಸಾರ. 'ಇಟ್ಟ ಎಡೆ'ಯೇ ನಿಧಿಯೆಂದ ಶಬ್ದಶಾಸ್ತ್ರಕ್ಕೆ ರಾಷ್ಟ್ರಗಳ ಶಾಸನವು ಹೀಗೆ ಬೆಂಬಲವಾಗಿ ಬಂದಿದೆ.

ಕೊನೆಯದಾಗಿ ಒಂದು ಮಾತು. ಉಲುಬುರುನ್ ಹಡಗಿನ ಒಂದು ಮಣಿಯೂ ಮಾರಾಟವಾಗಲಿಲ್ಲ. ಎಲ್ಲವೂ ತುರ್ಕಿಯ ಬೋದ್ರುಮ್ ಸಂಗ್ರಹಾಲಯವನ್ನು ಸೇರಿದವು. ಆ ದೀರ್ಘಕಾಲದ ಶ್ರಮಕ್ಕೆ ನೆರವಾದವರಲ್ಲಿ, ಲಾಭದ ಒಂದು ಕಾಸನ್ನೂ ನಿರೀಕ್ಷಿಸದ ದಾನಿಗಳೂ ಇದ್ದರು. ಅವರ ಹಣಕ್ಕೆ ಪ್ರತಿಯಾಗಿ ಲೋಕಕ್ಕೆ ದೊರೆತುದು ಮೂರು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಒಂದು ದಿನ. ಹಂಚಿದರೆ ಸವೆಯದ, ಎಷ್ಟು ಮಂದಿ ಪಡೆದರೂ ಬರಿದಾಗದ ಸಂಪತ್ತು ವಿದ್ಯೆಯೊಂದೇ ಎಂಬುದನ್ನು ಶಾಲೆಯನ್ನು ಕಟ್ಟಿ ಬೆಳೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.