ಮನೆಯಲ್ಲಿ ಪರಿಮಳವಿರಲಿ, ಬೆಂಕಿಯ ಮೇಲೆ ಕಣ್ಣಿರಲಿ

ಅತ್ತರು, ಊದುಬತ್ತಿ, ಗುರುವಾರ ಸಂಜೆಯ ಲೋಬಾನ್ – ಸುವಾಸನೆ ನಮ್ಮ ಮನೆಗಳಿಗೆ ಹೊಸತಲ್ಲ. ಪ್ರವಾದಿ ಮುಹಮ್ಮದ್(ಸ)ರಿಗೆ ಸುಗಂಧ ಪ್ರಿಯವಾಗಿತ್ತೆಂದು ಹದೀಸ್‌ಗಳು ತಿಳಿಸುತ್ತವೆ. ಈಗ ಈ ಸಾಲಿಗೆ ಗಾಜಿನ ಲೋಟದಲ್ಲಿ ಬರುವ ಸೆಂಟೆಡ್ ಕ್ಯಾಂಡಲ್ ಕೂಡ ಸೇರಿದೆ. ಮದುವೆಗೆ, ಈದ್‌ಗೆ, ಹೊಸ ಮನೆಗೆ ಅದನ್ನು ಉಡುಗೊರೆಯಾಗಿ ಕೊಡುವವರು ಹೆಚ್ಚಾಗಿದ್ದಾರೆ. ನೋಡಲು ಅಲಂಕಾರದ ವಸ್ತುವಿನಂತಿದ್ದರೂ, ಹಚ್ಚಿದ ಕ್ಷಣದಿಂದ ಅದು ಬೆಂಕಿ. ಒಲೆಯ ಬಳಿ ಇರುವಷ್ಟೇ ಎಚ್ಚರ ಅದರ ಬಳಿಯೂ ಬೇಕು.

ಬೆಂಗಳೂರಿನ ಕೊಡಿಗೇಹಳ್ಳಿಯಂಥ ಕಡೆ ಗೋಡೆಗೆ ಗೋಡೆ ತಾಗಿದ ಬಾಡಿಗೆ ಮನೆಗಳಿವೆ, ಅಪಾರ್ಟ್‌ಮೆಂಟ್‌ಗಳಿವೆ. ಒಂದು ಮನೆಯ ಬೆಂಕಿ ಆ ಮನೆಯಲ್ಲೇ ನಿಲ್ಲುವುದಿಲ್ಲ. ಆದ್ದರಿಂದ ಈ ಎಚ್ಚರಿಕೆ ನಮ್ಮ ಮಕ್ಕಳಿಗಾಗಿ ಮಾತ್ರವಲ್ಲ, ನೆರೆಯವರಿಗಾಗಿಯೂ ಹೌದು.

ಹಚ್ಚುವ ಮುನ್ನ

ಬತ್ತಿಯನ್ನು ಪ್ರತಿ ಸಲವೂ ಸುಮಾರು 6 ಮಿ.ಮೀ. ಉಳಿಯುವಂತೆ ಕತ್ತರಿಸಿ. ಬತ್ತಿ ಉದ್ದವಾದರೆ ಜ್ವಾಲೆ ದೊಡ್ಡದಾಗಿ ಮಸಿ ಏಳುತ್ತದೆ. ಗಾಜಿನ ಅಂಚು ಕಪ್ಪಾಗುತ್ತಿದ್ದರೆ ಅದೇ ಮಸಿ ನಿಮ್ಮ ಶ್ವಾಸಕೋಶಕ್ಕೂ ಹೋಗುತ್ತಿದೆ, ಬಾಡಿಗೆ ಮನೆಯ ಗೋಡೆಗೂ ಹತ್ತುತ್ತಿದೆ ಎಂದು ತಿಳಿಯಿರಿ. ಮೇಣದ ಮೇಲೆ ಬಿದ್ದ ಕಡ್ಡಿ ಚೂರು, ಬತ್ತಿಯ ತುಂಡುಗಳನ್ನು ತೆಗೆದುಹಾಕಿ; ಅವೂ ಹೊತ್ತಿಕೊಳ್ಳುತ್ತವೆ.

ಹೊಸ ಕ್ಯಾಂಡಲನ್ನು ಮೊದಲ ಸಲ ಹಚ್ಚಿದಾಗ ಮೇಲ್ಪದರದ ಮೇಣ ಅಂಚಿನವರೆಗೆ ಕರಗುವ ತನಕ ಉರಿಯಲು ಬಿಡಿ. ಇಲ್ಲದಿದ್ದರೆ ನಡುವೆ ಮಾತ್ರ ಗುಂಡಿ ಬಿದ್ದು ಉಳಿದ ಮೇಣ ವ್ಯರ್ಥವಾಗುತ್ತದೆ. ಆದರೆ ಒಂದೇ ಸಮನೆ 4 ಗಂಟೆಗಿಂತ ಹೆಚ್ಚು ಉರಿಸಬೇಡಿ. ತಳದಲ್ಲಿ ಒಂದು ಸೆಂ.ಮೀ.ನಷ್ಟು ಮೇಣ ಉಳಿದಾಗ ಬಳಕೆ ನಿಲ್ಲಿಸಿ. ಆಮೇಲೆ ಶಾಖ ನೇರ ಗಾಜಿಗೆ ತಗುಲಿ ಲೋಟ ಒಡೆಯಬಹುದು.

ಇಡುವ ಜಾಗ

ಪರದೆ, ಹಾಸಿಗೆ, ಪುಸ್ತಕಗಳಿಂದ ಕನಿಷ್ಠ ಒಂದು ಅಡಿ ದೂರ, ಮಕ್ಕಳ ಕೈಗೆ ಎಟುಕದಂತೆ, ಟೈಲ್ಸ್ ಅಥವಾ ಸ್ಟೀಲ್ ತಟ್ಟೆಯ ಮೇಲೆ ಇಡಿ. ಫ್ಯಾನಿನ ಕೆಳಗೆ, ಗಾಳಿ ಬೀಸುವ ಕಿಟಕಿಯ ಮೇಲೆ ಬೇಡ. ದುಪಟ್ಟಾ, ಬುರ್ಖಾದ ಅಗಲ ತೋಳುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಪಾಲಿಯೆಸ್ಟರ್ ಬಟ್ಟೆ ಹೊತ್ತಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಆರಿಸುವಾಗ ಊದುವುದಕ್ಕಿಂತ ಮುಚ್ಚಳದಿಂದ ಮುಚ್ಚುವುದು ಒಳ್ಳೆಯದು. ಹೊಗೆಯೂ ಕಡಿಮೆ, ಬಿಸಿ ಮೇಣವೂ ಸಿಡಿಯದು. ನೀರು ಮಾತ್ರ ಹಾಕಲೇಬೇಡಿ.

ವಾಸನೆ ಮುಚ್ಚುವುದು ಸ್ವಚ್ಛತೆಯಲ್ಲ

ಮೀನು ಹುರಿದ ವಾಸನೆ, ಗೋಡೆಯ ತೇವದ ಮುಗ್ಗಲು ವಾಸನೆ ಹೋಗಲೆಂದು ಹಲವರು ಕ್ಯಾಂಡಲ್ ಹಚ್ಚುತ್ತಾರೆ. ವಾಸನೆ ಅಡಗುತ್ತದೆ, ಕಾರಣ ಅಲ್ಲೇ ಉಳಿಯುತ್ತದೆ. ತೇವದ ಗೋಡೆಯ ಬೂಷ್ಟು ಅಸ್ತಮಾ ಇರುವವರಿಗೆ ತೊಂದರೆಯೇ. ಕಿಟಕಿ ತೆರೆಯುವುದು, ಕಸ ಹೊರಹಾಕುವುದು, ಸೋರಿಕೆ ಸರಿಪಡಿಸುವುದು ಮೊದಲು, ಪರಿಮಳ ಆಮೇಲೆ.

ಅಡುಗೆಮನೆಯಲ್ಲಿ ಇನ್ನೊಂದು ಅಪಾಯವಿದೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಅಷ್ಟಾಗಿ ಇಲ್ಲ. ಸೋರಿದರೆ ನಮಗೆ ಗೊತ್ತಾಗಲೆಂದೇ ಅದಕ್ಕೆ ಕೆಟ್ಟ ವಾಸನೆಯ ರಾಸಾಯನಿಕ ಸೇರಿಸಿರುತ್ತಾರೆ. ಘಾಟು ಪರಿಮಳದ ನಡುವೆ ಆ ಎಚ್ಚರಿಕೆ ಮೂಗಿಗೆ ತಲುಪದೇ ಹೋಗಬಹುದು. ಗ್ಯಾಸ್ ವಾಸನೆಯ ಅನುಮಾನ ಬಂದರೆ ಕ್ಯಾಂಡಲ್, ಕಡ್ಡಿ, ಸ್ವಿಚ್ ಯಾವುದನ್ನೂ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಹೊಗೆ ಯಾರಿಗೆ ಬೇಡ?

ಊದುಬತ್ತಿ, ಲೋಬಾನ್, ಕ್ಯಾಂಡಲ್ – ಉರಿಯುವ ಎಲ್ಲದರಿಂದಲೂ ಸೂಕ್ಷ್ಮ ಕಣಗಳು ಹೊರಬರುತ್ತವೆ. ಸೋಯಾ ಮೇಣದ್ದಾದರೂ ಅಷ್ಟೇ. ಅಸ್ತಮಾ ರೋಗಿಗಳು, ಗರ್ಭಿಣಿಯರು, ವೃದ್ಧರು ಇರುವ ಕೋಣೆಯಲ್ಲಿ ಹಚ್ಚದಿರುವುದು ಮೇಲು. ಬಾಣಂತಿ ಮತ್ತು ಹಸುಗೂಸಿನ ತಲೆಗೆ ಲೋಬಾನ್ ಹೊಗೆ ಹಿಡಿಯುವ ರೂಢಿ ಹಲವು ಮನೆಗಳಲ್ಲಿದೆ. ಹಿರಿಯರಿಗೆ ಪ್ರೀತಿಯಿಂದ ತಿಳಿಹೇಳಿ, ಮಗುವಿನ ತಲೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಇದ್ದಿಲಿನ ಮೇಲೆ ಲೋಬಾನ್ ಅಥವಾ ಬಖೂರ್ ಹಾಕುವುದು ಇನ್ನೂ ಅಪಾಯ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳದೇ ಹೋಗಬಹುದು.

ಸುಟ್ಟರೆ ಏನು ಮಾಡಬೇಕು?

ಸುಟ್ಟ ಜಾಗವನ್ನು 20 ನಿಮಿಷ ನಲ್ಲಿಯ ನೀರಿನ ಕೆಳಗೆ ಹಿಡಿಯಿರಿ. ಬಳೆ, ಉಂಗುರ ತಕ್ಷಣ ತೆಗೆಯಿರಿ. ಅಂಟಿದ ಮೇಣವನ್ನು, ಬಟ್ಟೆಯನ್ನು ಕೀಳಬೇಡಿ. ಟೂತ್‌ಪೇಸ್ಟ್, ತುಪ್ಪ, ಅರಿಶಿನ, ಐಸ್ ಬೇಡ. ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖ ಅಥವಾ ಕೈ ಸುಟ್ಟಿದ್ದರೆ, ಚಿಕ್ಕ ಮಗುವಾಗಿದ್ದರೆ ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ಹೋಗಿ. ಆ್ಯಂಬುಲೆನ್ಸ್‌ಗೆ 108, ತುರ್ತು ನೆರವಿಗೆ 112. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಮಲಗುವ ಮುನ್ನ

ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಮನೆಯವರ ಸಮೇತ ಹೊತ್ತಿ ಉರಿದಾಗ, ಬೆಂಕಿ ನಿಮ್ಮ ಶತ್ರು, ಮಲಗುವಾಗ ಅದನ್ನು ಆರಿಸಿರೆಂದು ಪ್ರವಾದಿ(ಸ)ರು ಬೋಧಿಸಿದ್ದನ್ನು ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳು ವರದಿ ಮಾಡಿವೆ. ಇಲಿಯೊಂದು ದೀಪದ ಬತ್ತಿಯನ್ನು ಎಳೆದು ಮನೆಗೆ ಬೆಂಕಿ ಹಚ್ಚೀತೆಂಬ ಎಚ್ಚರಿಕೆಯೂ ಹದೀಸ್‌ನಲ್ಲಿದೆ. ಇಶಾ ನಮಾಝ್ ಮುಗಿಸಿ ಬಾಗಿಲಿಗೆ ಚಿಲಕ ಹಾಕುವಾಗ ಮೂರು ಕಡೆ ಕಣ್ಣು ಹಾಯಿಸಿ: ಗ್ಯಾಸ್ ರೆಗ್ಯುಲೇಟರ್, ಕ್ಯಾಂಡಲ್, ಲೋಬಾನ್ ಪಾತ್ರೆ. ಮೂರೂ ಆರಿವೆಯೆಂದು ಖಚಿತವಾದ ಮೇಲೆ ಮಲಗಿ. ಈ ಕೆಲಸವನ್ನು ದಿನಕ್ಕೊಬ್ಬರಂತೆ ಮಕ್ಕಳಿಗೂ ವಹಿಸಿಕೊಡಿ. ಅದು ಅವರಿಗೆ ಜೀವನವಿಡೀ ಉಳಿಯುವ ಅಭ್ಯಾಸವಾಗುತ್ತದೆ.