“ಏನೂ ಆಗಂಗಿಲ್ಲ” ಎಂಬ ಮಾತು

ಬೀದರಿನವರಿಗೆ ತಂತಿಯೆಂದೊಡನೆ ನೆನಪಾಗುವುದು ಬಿದರಿ ಕಲೆ. ಸತು, ತಾಮ್ರಗಳ ಮಿಶ್ರಲೋಹದ ಮೇಲೆ ಚಿತ್ತಾರ ಕೊರೆದು, ಕುಶಲಕರ್ಮಿಯು ಅದರೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾನೆ. ಭಾಲ್ಕಿಯಲ್ಲಿರುವ ನನ್ನ ಮೊಮ್ಮಗಳು ಅದನ್ನು ಕಂಡವಳು. ಅವಳ ಉಬ್ಬುಹಲ್ಲಿಗೆ ತಂತಿ ಹಾಕಿಸಬೇಕೆಂದಾಗ, “ಮುತ್ಯಾ, ಹಲ್ಲಿಗೂ ಹಂಗೇ ಬಡೀತಾರೇನು?” ಎಂದು ಕೇಳಿದಳು. ಮನೆಮಂದಿಯೆಲ್ಲ ನಕ್ಕು, “ಏನೂ ಆಗಂಗಿಲ್ಲ” ಎಂದೆವು. ತಂತಿ ಹಾಕಿದ ರಾತ್ರಿಯೇ ನೋವು ಬಂದಿತು. ಮರುದಿನದಿಂದ ಅವಳು ನಮ್ಮ ಯಾರ ಮಾತನ್ನೂ ನಂಬಲಿಲ್ಲ. ತಂತಿ ತೆಗೆಸಿರೆಂದು ಹಟ ಹಿಡಿದಳು.

ಅವಳಿಗೆ ಮೊದಲೇ ಹೇಳಬೇಕಾಗಿದ್ದುದು ಇಷ್ಟು. ಹಲ್ಲು ದವಡೆಯಲ್ಲಿ ಗೂಟದಂತೆ ಹುಗಿದು ನಿಂತುದಲ್ಲ. ಸೂಕ್ಷ್ಮವಾದ ನಾರುಗಳು ಅದನ್ನು ಮೂಳೆಗೆ ಹಿಡಿದಿಟ್ಟಿವೆ. ತಂತಿ ಮೆಲ್ಲನೆ ಒತ್ತಿದಾಗ, ಒತ್ತು ಬಿದ್ದ ಕಡೆಯ ಮೂಳೆ ಕರಗುತ್ತದೆ, ಹಿಂಬದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನ ಪಯಣ! ಆದುದರಿಂದಲೇ ಒಂದೂವರೆ, ಎರಡು ವರ್ಷ ಬೇಕಾಗುವುದು. ತಂತಿ ಹಿಡಿಯುವ ಪುಟ್ಟ ಬಿಲ್ಲೆಗಳನ್ನು ಹಲ್ಲಿಗೆ ಅಂಟಿಸುತ್ತಾರೆ. ಬಡಿಯುವುದೂ ಇಲ್ಲ, ಸೂಜಿಯೂ ಇಲ್ಲ. ಜಾಗಕ್ಕಾಗಿ ಹಲ್ಲು ಕೀಳಬೇಕಾದರೆ ಮಾತ್ರ ಸೂಜಿಯುಂಟು, ಅದನ್ನೂ ಮುಚ್ಚಿಡಬಾರದು. ನೋವು ಕೆಲವು ಗಂಟೆಗಳಲ್ಲಿ ಆರಂಭವಾಗಿ, ಮರುದಿನ ಹೆಚ್ಚಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಆ ದಿನಗಳಲ್ಲಿ ನುಚ್ಚು, ಮೊಸರನ್ನ. ಕಟಕ್ ರೊಟ್ಟಿಯಂತೂ ತಂತಿ ಇರುವಷ್ಟು ಕಾಲವೂ ಬೇಡ. ಕೆನ್ನೆಗೆ ತಂತಿ ಉಜ್ಜಿದರೆ ಹಚ್ಚಲು ಮೇಣವುಂಟು.

ಅಮೆರಿಕದ ದಂತವೈದ್ಯ ಆಡಲ್‌ಸ್ಟನ್ 1959ರಲ್ಲಿ ಒಂದು ಕ್ರಮವನ್ನು ಸೂಚಿಸಿದರು: ಮೊದಲು ಹೇಳು, ಬಳಿಕ ತೋರಿಸು, ಆಮೇಲೆ ಮಾಡು. ಹೇಳುವುದಾದರೂ ಯಾವ ನುಡಿಯಲ್ಲಿ? ಔರಾದಿನಿಂದ ಬಂದ ಮಗುವಿನ ಮನೆಮಾತು ಮರಾಠಿ ಇರಬಹುದು. ಬೀದರ್ ನಗರದ ಮಗುವಿನದು ಉರ್ದು. ಹೆದರಿದವನು ತನ್ನ ಮನೆಮಾತಿನಲ್ಲಿಯೇ ಹೆದರುತ್ತಾನೆ. ಕನ್ನಡದಲ್ಲಿಯೂ ಎಲ್ಲಕ್ಕೂ ‘ನೋವು’ ಎನ್ನಬೇಕಾಗಿಲ್ಲ. ಬಿಗಿತ, ಒತ್ತು, ಸೆಳೆತ, ಜುಮ್ಮೆನ್ನುವುದು — ಇವೆಲ್ಲ ಬೇರೆ ಬೇರೆ. ಸರಿಯಾದ ಹೆಸರು ದೊರೆತ ವೇದನೆಯನ್ನು ಮಗು ಗುರುತಿಸುತ್ತದೆ, ಹೆಸರಿಲ್ಲದುದಕ್ಕೆ ಬೆದರುತ್ತದೆ. ಬಾಯಿ ತೆರೆದು ಮಲಗಿದವರಿಗೆ ಮಾತಾಡಲಾಗದು. ಆದುದರಿಂದ ಎಡಗೈ ಎತ್ತಿದರೆ ಕೆಲಸ ನಿಲ್ಲಿಸುವೆನೆಂದು ವೈದ್ಯರು ಒಪ್ಪಂದ ಮಾಡಿಕೊಳ್ಳಬೇಕು, ಎತ್ತಿದಾಗ ನಿಲ್ಲಿಸಲೂ ಬೇಕು.

ನಡುವೆ ಬಿಟ್ಟರೆ ಸರಿದ ಹಲ್ಲು ಹಿಂದಿನ ಜಾಗಕ್ಕೆ ಮರಳತೊಡಗುತ್ತದೆ. ಪಟ್ಟ ಕಷ್ಟ ವ್ಯರ್ಥ. ನನ್ನ ಮೊಮ್ಮಗಳ ವಿಷಯದಲ್ಲಿ ಹಾಗಾಗಲಿಲ್ಲ. ವೈದ್ಯೆಯೊಬ್ಬರು ಅವಳ ಕೈಗೆ ಕನ್ನಡಿ ಕೊಟ್ಟು, ಒಂದೊಂದನ್ನೂ ತೋರಿಸಿ, “ನಾಳೆ ನೋಯುತ್ತದೆ, ನಾಲ್ಕನೆಯ ದಿನ ಕಡಮೆಯಾದೀತು” ಎಂದರು. ಈಗ ತಿಂಗಳಿಗೊಮ್ಮೆ ಬೀದರಿಗೆ ಹೊರಡುವಾಗ, ಸಂಜೆಗೆ ನುಚ್ಚು ಮಾಡಿಡಬೇಕೆಂದು ತಾಯಿಗೆ ತಾನೇ ಹೇಳಿ ಬಸ್ಸು ಹತ್ತುತ್ತಾಳೆ.